ಮಲೆಯ ಹುಲ್ಲೂ ಬಯಲಿನ ನೀರೂ



ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ನಮಗೆ ನೀರೆಂದರೆ ನಾಲೆಯಲ್ಲಿ ಹರಿದು ಬರುವುದು, ಇಲ್ಲವೆ ನಲ್ಲಿಯಲ್ಲಿ ಬೀಳುವುದು. ಅದು ಹೊರಟ ತಾವು ಯಾವುದೆಂದು ವಿಚಾರಿಸುವವರು ವಿರಳ. ದಾವಣಗೆರೆಯ ಸುತ್ತಣ ಗದ್ದೆಗಳು ಹಸಿರಾಗಿರುವುದು ಭದ್ರಾ ನಾಲೆಯಿಂದ. ಹರಿಹರದಿಂದ ಹೊಸಪೇಟೆಯವರೆಗಿನ ಹಲವಾರು ಊರುಗಳು ಬಾಳುತ್ತಿರುವುದು ತುಂಗಭದ್ರೆಯ ನೀರನ್ನು ಕುಡಿದು. ಈ ನೀರಿನ ತವರುಮನೆಯನ್ನು ಒಮ್ಮೆ ಕಣ್ಣಾರೆ ಕಂಡು ಬರಬೇಕೆಂಬ ಬಯಕೆ ನಮ್ಮ ಬಳಗದಲ್ಲಿ ಬಹುದಿನಗಳಿಂದ ಇದ್ದಿತು. ಕಳೆದ ಅಕ್ಟೋಬರ್ ತಿಂಗಳಿನಲ್ಲಿ ಅದು ಕೈಗೂಡಿತು. ಹನ್ನೊಂದು ಮನೆತನಗಳ ಮೂವತ್ತೆರಡು ಮಂದಿ ಒಂದು ಬಸ್ಸು ಗೊತ್ತುಮಾಡಿಕೊಂಡು ನಾಲ್ಕು ದಿನಗಳ ಮಲೆನಾಡ ಪ್ರವಾಸ ಕೈಗೊಂಡೆವು. ದಾರಿಯುದ್ದಕ್ಕೂ ವಿಷಯ ವಿವರಿಸಿ ಹೇಳುವ ಹೊಣೆಯನ್ನು ಹಿರಿಯನೆಂಬ ಕಾರಣಕ್ಕೆ ನನಗೆ ವಹಿಸಿದ್ದರು. ಹೇಳಲು ಹೋದವನು ಕೇಳಿ ಕಲಿತು ಬಂದ ಕಥೆಯಿದು.

ಬಸ್ಸಿನ ಹಿಂಬದಿಯಲ್ಲಿ ಜೋಳದ ರೊಟ್ಟಿಯ ಗಂಟುಗಳು, ಶೇಂಗಾ ಚಟ್ನಿಯ ಡಬ್ಬಿಗಳು, ಮಂಡಕ್ಕಿಯ ಚೀಲಗಳು ಇದ್ದವು. ಅವುಗಳೊಡನೆ ಮತ್ತೊಂದು ಸರಕೂ ಇದ್ದಿತು: ನಲವತ್ತು ಸಸಿಗಳು. ಬೇವು, ಹೊಂಗೆ ಮತ್ತು ಕೆಲವು ಬಿಲ್ವ. ಅವುಗಳಲ್ಲಿ ಒಂದು ಬಿಲ್ವದ ಸಸಿಯನ್ನು ಎಪ್ಪತ್ತು ದಾಟಿದ ತಾಯಿಯೊಬ್ಬರು ಹಿಂದೆ ಇಡಗೊಡದೆ ತಮ್ಮ ಕಾಲಬಳಿಯೇ ಇಟ್ಟುಕೊಂಡಿದ್ದರು. ಅವರ ಯಜಮಾನರು ಲಿಂಗೈಕ್ಯರಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವರ ನೆನಪಿಗೆ ಮುಳ್ಳಯ್ಯನಗಿರಿಯ ಮೇಲೆ, ಮುಳ್ಳಪ್ಪಸ್ವಾಮಿಯವರ ಗದ್ದುಗೆಯ ಸಮೀಪದಲ್ಲಿ, ಬಿಲ್ವ ನೆಡಬೇಕೆಂಬುದು ಆ ತಾಯಿಯ ಹರಕೆ. ಉಳಿದ ಸಸಿಗಳನ್ನು ಬೋಳುಗುಡ್ಡಗಳ ಮೇಲೆ ನೆಟ್ಟು ಬರೋಣವೆಂದು ಸಲಹೆ ಕೊಟ್ಟವನು ನಾನೇ.

ಮೊದಲನೆಯ ದಿನ: ಗಿರಿಯ ನೆತ್ತಿಯಲ್ಲಿ

ಚಿಕ್ಕಮಗಳೂರಿನ ಉತ್ತರಕ್ಕೆ ಕುದುರೆಲಾಳದ ಆಕಾರದಲ್ಲಿ ಬಾಗಿ ನಿಂತಿರುವ ಬೆಟ್ಟದ ಸಾಲಿಗೆ ಚಂದ್ರದ್ರೋಣ ಪರ್ವತವೆಂದು ಹೆಸರು. ಅದರಲ್ಲಿ ಅತ್ಯುನ್ನತವಾದುದು ಮುಳ್ಳಯ್ಯನಗಿರಿ. ಎತ್ತರ ಸುಮಾರು 1,930 ಮೀಟರ್. ಕರ್ನಾಟಕದಲ್ಲಿ ಇದಕ್ಕಿಂತ ಎತ್ತರದ ಶಿಖರ ಬೇರೊಂದಿಲ್ಲ. ಬಾಬಾಬುಡನ್‌ ಗಿರಿಯೂ ಇದೇ ಸಾಲಿನದು. 17ನೆಯ ಶತಮಾನದಲ್ಲಿ ಬಾಬಾಬುಡನ್ ಎಂಬ ಸಂತರು ಯೆಮನ್ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದು ಇಲ್ಲಿ ಬಿತ್ತಿದರೆಂದೂ ನಾಡಿಗೆ ಕಾಫಿ ಬಂದುದು ಹೀಗೆಂದೂ ಪ್ರತೀತಿಯಿದೆ.

ರಸ್ತೆ ಮುಗಿದಲ್ಲಿಂದ ಮೆಟ್ಟಿಲು ಹತ್ತಬೇಕು. ತಾಯಂದಿರು ಅಲ್ಲಲ್ಲಿ ಕುಳಿತು, ದಣಿವಾರಿಸಿಕೊಂಡು, ಶಿವನಾಮ ಸ್ಮರಿಸುತ್ತ ಏರಿದರು. ಮೇಲೆ ಗಾಳಿಯ ರಭಸಕ್ಕೆ ಸೆರಗು ನಿಲ್ಲುತ್ತಿರಲಿಲ್ಲ. ಗದ್ದುಗೆಯ ದರ್ಶನ ಮಾಡಿ ಹೊರಬಂದು ನೋಡಿದರೆ ಕಣ್ಣು ಹರಿಯುವಷ್ಟು ದೂರ ಹುಲ್ಲು ಹೊದ್ದ ಬೆಟ್ಟಗಳು. ಅವುಗಳ ಮಡಿಲಿನಲ್ಲಿ ಮಾತ್ರ ಕಪ್ಪು ಕಂಬಳಿ ಮಡಿಚಿಟ್ಟಂತೆ ತುಂಡು ತುಂಡು ಕಾಡು.

"ಇಷ್ಟು ಮಳೆ ಬೀಳೋ ಜಾಗದಲ್ಲಿ ಗುಡ್ಡ ಯಾಕೆ ಬೋಳಾಗಿದೆ ತಾತ?" ಎಂದು ಹುಡುಗನೊಬ್ಬ ಕೇಳಿದನು. ಮನುಷ್ಯರು ಮರ ಕಡಿದು ಹೀಗಾಗಿದೆ, ನಾವು ಮತ್ತೆ ನೆಡಬೇಕು ಎಂದು ನಾನು ತಡವರಿಸದೆ ಉತ್ತರ ಹೇಳಿದೆನು. ಅಷ್ಟಕ್ಕೇ ನಿಲ್ಲದೆ, 1985ರಲ್ಲಿ ಮಲೆನಾಡಿನ ಅಂಚಿನ ಊರೊಂದರಲ್ಲಿ ಉಪಾಧ್ಯಾಯನಾಗಿದ್ದಾಗ ಅರವತ್ತು ಮಂದಿ ವಿದ್ಯಾರ್ಥಿಗಳನ್ನು ಕರೆದೊಯ್ದು ಹುಲ್ಲುಗುಡ್ಡವೊಂದರ ಮೇಲೆ ಅಕೇಶಿಯಾ ಸಸಿಗಳನ್ನು ನೆಡಿಸಿದ ಸಂಗತಿಯನ್ನು ವಿಸ್ತಾರವಾಗಿ ವರ್ಣಿಸಿದೆನು. ಎಲ್ಲರೂ ತಲೆದೂಗಿದರು.

ಆ ತಾಯಿ ಸಸಿಯನ್ನು ಮಡಿಲಿನಿಂದ ಇಳಿಸಿ ನೆಲ ಕೆದಕುವಷ್ಟರಲ್ಲಿ ಕಾವಲಿನ ಸಿಬ್ಬಂದಿಯೊಬ್ಬರು ಬಂದು ತಡೆದರು. "ಇಲ್ಲಿ ಹೊರಗಿನ ಗಿಡ ನೆಡೋ ಹಾಗಿಲ್ಲ ತಾಯಿ" ಎಂದರು. ಮಾತು ಮೆದುವಾಗಿಯೇ ಇದ್ದಿತು. ಆದರೂ ಆ ತಾಯಿಯ ಕಣ್ಣು ತುಂಬಿ ಬಂದವು. ದೇವರ ಗಿಡಕ್ಕೂ ಅಪ್ಪಣೆ ಬೇಕೇ ಎಂದು ನಮ್ಮ ತರುಣರು ಸಿಡುಕಿದರು. ನನಗೂ ಅಸಮಾಧಾನವಾಯಿತು. ಸಸಿ ಮತ್ತೆ ಬಸ್ಸನ್ನು ಸೇರಿತು. ಅಂದಿನ ರಾತ್ರಿ ಆ ತಾಯಿ ಊಟ ಮಾಡಲಿಲ್ಲ.

ಎರಡನೆಯ ದಿನ: ಕಾಫಿಯ ನೆರಳಿನಲ್ಲಿ

ಮರುದಿನ ಬಾಳೆಹೊನ್ನೂರಿನ ದಾರಿ ಹಿಡಿದೆವು. ಎರಡು ಬದಿಗೂ ಕಾಫಿ ತೋಟಗಳು. ಬೇರೆ ದೇಶಗಳ ಕೆಲವೆಡೆಗಳಂತೆ ಇಲ್ಲಿ ಕಾಫಿಯನ್ನು ಬಟ್ಟಬಯಲಿನಲ್ಲಿ ಬೆಳೆಸುವುದಿಲ್ಲ. ಹಲಸು, ಅತ್ತಿ, ನಂದಿ, ಮತ್ತಿ ಮೊದಲಾದ ಮರಗಳ ನೆರಳಿನಲ್ಲಿ ಬೆಳೆಸುತ್ತಾರೆ; ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸುತ್ತಾರೆ. ಆದುದರಿಂದ ತೋಟವೇ ಅರೆಪಾಲು ಕಾಡಿನಂತೆ ತೋರುತ್ತದೆ. 1925ರಲ್ಲಿ ಬಾಳೆಹೊನ್ನೂರಿನ ಸಮೀಪ ಆರಂಭವಾದ ಪ್ರಯೋಗ ಕೇಂದ್ರವೇ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ನಮ್ಮ ಬೆಳೆಗಾರರಲ್ಲಿ ಮನೆಮಾತಾಗಿರುವ ಎಸ್. 795 ತಳಿ ಇಲ್ಲಿಯ ಕೊಡುಗೆ.

ಭದ್ರಾ ನದಿಯ ತಟದಲ್ಲಿರುವ ರಂಭಾಪುರಿ ಪೀಠದ ದರ್ಶನ ಮುಗಿಸಿ ಹೊಳೆಯ ದಡದಲ್ಲಿ ಬುತ್ತಿ ಬಿಚ್ಚಿದೆವು. ನಮ್ಮ ಗದ್ದೆಗೆ ಬರುವ ನೀರು ಇದೇ ಎಂದು ಹೇಳಿದಾಗ ಹೆಂಗಸರು ಬೊಗಸೆಯಲ್ಲಿ ಎತ್ತಿ ಕಣ್ಣಿಗೆ ಒತ್ತಿಕೊಂಡರು. ಇಲ್ಲಿಂದ ಕೆಳಗೆ ಹರಿದು ಹೋಗುವ ಭದ್ರೆಗೆ ಲಕ್ಕವಳ್ಳಿಯಲ್ಲಿ ಅಣೆಕಟ್ಟು ಕಟ್ಟಲಾಗಿದೆ. ನಮ್ಮ ನಾಲೆಯ ಮೂಲ ಅದು.

ಮಧ್ಯಾಹ್ನದ ಬಳಿಕ ಏರುದಾರಿಯಲ್ಲಿ ಸಾಗಿ ಸಂಜೆಗೆ ಕಳಸ ತಲುಪಿ ತಂಗಿದೆವು. ಬಿಸಿ ಕಡುಬು, ಕಾಯಿಚಟ್ನಿ, ಅಪ್ಪೆಮಿಡಿಯ ಉಪ್ಪಿನಕಾಯಿ. ರೊಟ್ಟಿಯಿಲ್ಲದ ಊಟ ಊಟವೇ ಎಂದು ಗೊಣಗುತ್ತಿದ್ದ ಹಿರಿಯರೊಬ್ಬರು ಆರನೆಯ ಕಡುಬಿಗೆ ಕೈ ಚಾಚಿದಾಗ ಎಲ್ಲರೂ ನಕ್ಕೆವು. ಆ ತಾಯಿಯೂ ನಕ್ಕರು.

ಮೂರನೆಯ ದಿನ: ಹುಲ್ಲಿನ ಬೇರಿನಲ್ಲಿ

ಕುದುರೆಮುಖದ ಕಾಡಿನಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ, ಗೊತ್ತುಪಡಿಸಿದ ಮಾರ್ಗದರ್ಶಿಯಿಲ್ಲದೆ ಚಾರಣ ಮಾಡುವಂತಿಲ್ಲ. ಶಿಖರದ ಎತ್ತರ 1,890 ಮೀಟರಿಗೂ ಮಿಕ್ಕುದು. ಅಲ್ಲಿಗೆ ಹೋಗಿಬರಲು ಇಡೀ ದಿನದ ನಡಿಗೆ. ನಮ್ಮಲ್ಲಿ ಮಕ್ಕಳೂ ಮುದುಕರೂ ಇದ್ದುದರಿಂದ ಭಗವತಿ ಪ್ರಕೃತಿ ಶಿಬಿರದ ಸಮೀಪದಿಂದ ಕುರಿಂಜಾಲು ಗುಡ್ಡದತ್ತ ಆದಷ್ಟು ದೂರ ಮಾತ್ರ ನಡೆಯುವುದೆಂದು ನಿಶ್ಚಯಿಸಿದೆವು. ನಮಗೆ ದೊರೆತ ಮಾರ್ಗದರ್ಶಿ ಇಪ್ಪತ್ತೈದರ ಆಸುಪಾಸಿನ ತರುಣ. ರಾಷ್ಟ್ರೀಯ ಉದ್ಯಾನದ ಒಳಗಣ ಹಳ್ಳಿಯೊಂದರಲ್ಲಿ ಹುಟ್ಟಿದವನು. ಮಿತಭಾಷಿ. ಇಂಬಳ ಹತ್ತದಿರಲೆಂದು ಎಲ್ಲರ ಕಾಲಿಗೂ ಸುಣ್ಣ ಮತ್ತು ಹೊಗೆಸೊಪ್ಪಿನ ನೀರು ಹಚ್ಚಿಸಿದ ಮೇಲೆಯೇ ಆತ ಹೆಜ್ಜೆ ಮುಂದಿಟ್ಟದ್ದು.

ಕಾಡಿನ ದಾರಿ ಮುಗಿದು ಹುಲ್ಲುಗಾವಲು ತೆರೆದುಕೊಂಡಿತು. ನಾನು ನನ್ನ ಪಾಠವನ್ನು ಮತ್ತೆ ಆರಂಭಿಸಿ, "ಇದನ್ನೂ ಮನುಷ್ಯರು ಬೋಳು ಮಾಡಿದ್ದಾರೆ" ಎಂದೆನು. ತರುಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಯ್ಯನವರೇ, ಇದು ಬೋಳಲ್ಲ. ಒಂದು ಸಲ ಕೈ ಹಾಕಿ ನೋಡಿ" ಎಂದನು.

ಬಗ್ಗಿ ಹುಲ್ಲಿನ ಬುಡಕ್ಕೆ ಕೈ ಹಾಕಿದೆನು. ನಾಲ್ಕು ದಿನಗಳಿಂದ ಮಳೆ ಬಂದಿರಲಿಲ್ಲ. ಮೇಲೆ ಬಿಸಿಲು ಚುರುಗುಟ್ಟುತ್ತಿತ್ತು. ಒಳಗೆ ಬೆರಳಿಗೆ ಸಿಕ್ಕಿದ್ದು ತಣ್ಣನೆಯ ಕರಿಯ ಮಣ್ಣು, ಹಿಂಡಿದರೆ ಒದ್ದೆ. ಮಕ್ಕಳೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಕೈ ಹಾಕಿ ನೋಡಿದರು.

ಆತ ವಿವರಿಸಿದ ಸಂಗತಿಯನ್ನು, ಆಮೇಲೆ ನಾನು ಓದಿ ತಿಳಿದುಕೊಂಡುದನ್ನೂ ಸೇರಿಸಿ, ಇಲ್ಲಿ ಹೇಳುತ್ತೇನೆ. ಸಹ್ಯಾದ್ರಿಯ ನೆತ್ತಿಯ ಈ ಹುಲ್ಲುಗಾವಲುಗಳು ಬಹುಪಾಲು ನಿಸರ್ಗದತ್ತವಾದವು, ಸಾವಿರಾರು ವರ್ಷಗಳಷ್ಟು ಹಳೆಯವು. ಎತ್ತರದ ಬಿರುಗಾಳಿ, ತೆಳುವಾದ ಮಣ್ಣು, ಬೇಸಗೆಯ ಬೆಂಕಿ ಇವುಗಳಿಂದಾಗಿ ಬಯಲಾದ ಇಳಿಜಾರಿನಲ್ಲಿ ಮರ ಏಳುವುದು ಕಷ್ಟ. ಗಾಳಿ ತಾಗದ, ತೇವ ನಿಲ್ಲುವ ಕಣಿವೆಯ ಮಡಿಕೆಗಳಲ್ಲಿ ಮಾತ್ರ ಕುಳ್ಳು ಮರಗಳ ದಟ್ಟ ಕಾಡು ಬೆಳೆಯುತ್ತದೆ. ಅದಕ್ಕೆ ಶೋಲಾ ಎನ್ನುತ್ತಾರೆ. ಸುರಿದ ಮಳೆಯನ್ನು ಹುಲ್ಲಿನ ಬೇರುಗಳು ಹಿಡಿದು ಮಣ್ಣಿಗೆ ಇಳಿಸುತ್ತವೆ. ಆ ನೀರು ಒಳಗೊಳಗೇ ಜಿನುಗಿ ಶೋಲಾದ ಝರಿಯಾಗುತ್ತದೆ. ಮಳೆಗಾಲ ಮುಗಿದು ತಿಂಗಳುಗಳಾದರೂ ಹಳ್ಳ ಹರಿಯುವುದು ಇದರಿಂದ. ಇಂತಹ ಹುಲ್ಲುಗಾವಲಿನಲ್ಲಿ ಹೊರನಾಡಿನ ಮರಗಳನ್ನು ಒತ್ತಾಗಿ ನೆಟ್ಟರೆ ಅವು ಹುಲ್ಲನ್ನು ಕೊಲ್ಲುತ್ತವೆ. ವರ್ಷವಿಡೀ ತಾವೇ ನೀರು ಕುಡಿದು ಹಳ್ಳಕ್ಕೆ ಹೋಗುವ ಪಾಲನ್ನು ತಗ್ಗಿಸುತ್ತವೆ. ರಸ್ತೆಯ ಬದಿಯ ಹಳೆಯ ಅಕೇಶಿಯಾ ನೆಡುತೋಪೊಂದನ್ನು ಆತ ತೋರಿಸಿದನು. ಅದರ ಕೆಳಗೆ ಒಣಗಿದ ಎಲೆಗಳಲ್ಲದೆ ಒಂದು ಹುಲ್ಲಿನ ಎಸಳೂ ಇರಲಿಲ್ಲ.

ನನಗೆ ಮಾತು ಹೊರಡಲಿಲ್ಲ. 1985ರ ಆ ಗುಡ್ಡ ಕಣ್ಣೆದುರಿಗೆ ಬಂದು ನಿಂತಿತು. ನೆಟ್ಟ ಆರೇಳು ವರ್ಷಗಳಲ್ಲಿ ಮರಗಳು ಎದ್ದು ನಿಂತಾಗ ಬಂದವರಿಗೆಲ್ಲ ಕರೆದೊಯ್ದು ತೋರಿಸುತ್ತಿದ್ದೆನು. ಗುಡ್ಡದ ಬುಡದಲ್ಲಿ ಎಮ್ಮೆ ಕಾಯುತ್ತಿದ್ದ ವೃದ್ಧರೊಬ್ಬರು, ಮೇವು ಹೋಯಿತೆಂದೂ, ಯುಗಾದಿಯವರೆಗೆ ಇರುತ್ತಿದ್ದ ಒರತೆ ಈಗ ಶಿವರಾತ್ರಿಗೇ ಬತ್ತುತ್ತದೆಂದೂ ನನ್ನಲ್ಲಿ ಹೇಳಿಕೊಂಡಿದ್ದರು. ಮಳೆ ಕಡಿಮೆಯಾಗಿದೆ ಅಜ್ಜಾ ಎಂದು ನಾನು ಮಾತು ಮುಗಿಸಿದ್ದೆನು. ಒರತೆ ಬತ್ತಿದ್ದು ನಾನು ನೆಡಿಸಿದ ಮರಗಳಿಂದಲೇ ಎಂದು ಸಾಧಿಸಿ ಹೇಳುವ ಅಳತೆ ನನ್ನಲ್ಲಿಲ್ಲ. ಆದರೆ ಅವರ ಮಾತನ್ನು ನಿಂತು ಕೇಳಲಿಲ್ಲವೆಂಬುದು ಮಾತ್ರ ನಿಜ. ಅವರು ಇಂದು ಇಲ್ಲ. ಅಲ್ಲಿಯೇ ಹುಲ್ಲಿನ ಮೇಲೆ ಕುಳಿತು ಎಲ್ಲರಿಗೂ, "ಮೊನ್ನೆ ಗಿರಿಯ ಮೇಲೆ ನಾನು ಹೇಳಿದ್ದು ತಪ್ಪು. ಆ ಸಿಬ್ಬಂದಿ ತಡೆದದ್ದೇ ಸರಿ" ಎಂದು ಹೇಳಿದೆನು. ಸಭೆಗಳಲ್ಲಿ ಸಾವಿರ ಮಾತು ಆಡಿದ ಬಾಯಿಗೆ ಆ ಎರಡು ಮಾತು ಭಾರವಾದವು.

ಈ ಬೆಟ್ಟಗಳ ಮತ್ತೊಂದು ಕಥೆಯನ್ನೂ ಹೇಳಬೇಕು. 1976ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಂಪನಿ ಇಲ್ಲಿ ಕಬ್ಬಿಣದ ಅದಿರನ್ನು ತೆಗೆಯತೊಡಗಿತು. ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ಕೆಸರನ್ನು ತಡೆಯಲು ಲಕ್ಯಾ ಹೊಳೆಗೆ ಅಣೆಕಟ್ಟು ಕಟ್ಟಿದರು. 1987ರಲ್ಲಿ ಈ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಲಾಯಿತು. ಭದ್ರೆಗೆ ಹೂಳು ಸೇರುತ್ತಿದೆ, ಕಾಡು ಕರಗುತ್ತಿದೆ ಎಂದು ಹೋರಾಟ ನಡೆದು, 2002ರಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ದುಡಿದು ಉಣ್ಣುತ್ತಿದ್ದ ಅನೇಕ ಕುಟುಂಬಗಳು ಅಲ್ಲಿಂದ ಚದುರಿಹೋದವು. ನಾವು ನೋಡಿದಾಗ ಗಣಿಯ ಊರಿನ ಎಷ್ಟೋ ಮನೆಗಳಿಗೆ ಬೀಗ ಬಿದ್ದಿದ್ದಿತು. ಆದರೆ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಗುಡ್ಡದ ಮೇಲೆ ಹಸಿರು ಮರಳುತ್ತಿರುವುದೂ ಕಂಡಿತು.

ಇದೇ ಸೀಮೆಯ ವರಾಹ ಪರ್ವತದಲ್ಲಿ ಗಂಗಾಮೂಲವಿದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ನದಿಗಳ ಮೂಲ ಅದು. ಒಳಗೆ ಹೋಗಲು ನಿರ್ಬಂಧವಿರುವುದರಿಂದ ದೂರದಿಂದಲೇ ಕೈಮುಗಿದೆವು. ನೇತ್ರಾವತಿ ಪಡುವಣಕ್ಕಿಳಿದು ಮಂಗಳೂರಿನ ಬಳಿ ಕಡಲು ಸೇರುತ್ತಾಳೆ. ತುಂಗೆ ಶೃಂಗೇರಿಯತ್ತ, ಭದ್ರೆ ಕಳಸದತ್ತ ಹರಿದು, ಬಹುದೂರದ ಕೂಡಲಿಯಲ್ಲಿ ಮತ್ತೆ ಒಂದಾಗುತ್ತಾರೆ. ನಮ್ಮ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಯೂ ಇದೇ ಸಹ್ಯಾದ್ರಿಯ ಕಣಕುಂಬಿಯಲ್ಲಿ ಹುಟ್ಟಿದವಳೆಂಬುದನ್ನು ಓದುಗರು ನೆನೆಯಬೇಕು.

ಬೀಳ್ಕೊಡುವಾಗ ತರುಣನನ್ನು ಅವನ ಮನೆಯ ವಿಷಯ ಕೇಳಿದೆನು. ಉದ್ಯಾನದೊಳಗಿನ ಹಳ್ಳಿಗಳವರು ಒಪ್ಪಿ ಹೊರಬಂದರೆ ಸರ್ಕಾರ ಪರಿಹಾರ ಕೊಡುತ್ತದೆ. ಕೆಲವರು ಹೊರಟುಹೋಗಿದ್ದಾರೆ, ಇವನ ಮನೆಯವರು ಇನ್ನೂ ತೀರ್ಮಾನಿಸಿಲ್ಲ. "ಅಮ್ಮನಿಗೆ ಆಸ್ಪತ್ರೆ ಹತ್ತಿರ ಇರೋ ಕಡೆ ಹೋಗ್ಬೇಕು. ಅಪ್ಪನಿಗೆ ಗದ್ದೆ ಬಿಡೋಕಾಗಲ್ಲ. ನಾನು ಯಾರ ಕಡೆ ಮಾತಾಡ್ಲಿ, ಅಯ್ಯನವರೇ?" ಎಂದನು. ಬುದ್ಧಿ ಹೇಳುವ ಅಭ್ಯಾಸ ಅಂದು ನನ್ನ ನೆರವಿಗೆ ಬರಲಿಲ್ಲ. ಕಾಡು ಉಳಿಯಬೇಕೆಂದು ಹೇಳುವುದು ಬಯಲಿನಲ್ಲಿರುವ ನಮಗೆ ಸುಲಭ. ಅದರ ಬೆಲೆಯನ್ನು ಒಳಗಿರುವವರೂ ತೆರುತ್ತಿದ್ದಾರೆಂಬುದನ್ನು ನಾವು ಮರೆಯಲಾಗದು.

ನಾಲ್ಕನೆಯ ದಿನ: ಮಳೆಯ ಮನೆಯಲ್ಲಿ

ಶೃಂಗೇರಿಯ ಮಾರ್ಗವಾಗಿ ರಾತ್ರಿ ಆಗುಂಬೆ ಸೇರಿದೆವು. ಸೂರ್ಯಾಸ್ತವನ್ನು ಮಂಜು ನುಂಗಿತ್ತು. ಆಗುಂಬೆಯ ವಾರ್ಷಿಕ ಮಳೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು. ಕಡಲಿನಿಂದ ಬರುವ ಮೋಡಗಳು ಘಟ್ಟದ ಗೋಡೆಗೆ ತಡೆದು ಮೇಲೇರುತ್ತ ತಣಿದು ಇಲ್ಲಿಯೇ ಬಹುಪಾಲು ಸುರಿಯುತ್ತವೆ. ಅದೇ ಮೋಡ ನಮ್ಮ ದಾವಣಗೆರೆಗೆ ಬರುವಷ್ಟರಲ್ಲಿ ಬರಿಗೈಯಾಗಿರುತ್ತದೆ. ಆ ಮಳೆ ನಮಗೆ ಮೋಡವಾಗಿ ದಕ್ಕುವುದಿಲ್ಲ, ಹೊಳೆಯಾಗಿ ದಕ್ಕುತ್ತದೆ.

ಬೆಳಿಗ್ಗೆ ಸ್ಥಳೀಯರೊಬ್ಬರ ಜೊತೆಯಲ್ಲಿ ಮಳೆಕಾಡಿನ ಅಂಚಿನಲ್ಲಿ ನಡೆದೆವು. ಗಿರಿಯ ಬೆಳಕಿಗೆ ಹೊಂದಿಕೊಂಡಿದ್ದ ಕಣ್ಣುಗಳಿಗೆ ಒಳಗೆ ಹೊಕ್ಕೊಡನೆ ಕತ್ತಲೆ ಕವಿದಂತಾಯಿತು. ಸಾಲುಧೂಪ, ಸುರಹೊನ್ನೆ, ಹೆಬ್ಬಲಸು, ನಾಗಸಂಪಿಗೆ ಮುಂತಾದ ಮರಗಳು ಬೆಳಕಿಗಾಗಿ ಪೈಪೋಟಿಯಿಂದ ಮೇಲೆದ್ದಿವೆ. ಕೆಳಗೆ ಬೆತ್ತದ ಮುಳ್ಳು, ಕೊಂಬೆಗಳ ಮೇಲೆ ಸೀತೆದಂಡೆ, ಕಾಂಡದ ತುಂಬ ಹಾವಸೆ. ಬಿದ್ದ ಎಲೆ ಬಹುಬೇಗ ಕೊಳೆತು ಮತ್ತೆ ಬೇರಿಗೆ ಸೇರುತ್ತದೆ. ಈ ಕಾಡಿನ ಸಾರವೆಲ್ಲ ಮರಗಳಲ್ಲಿಯೂ ಮೇಲ್ಪದರದಲ್ಲಿಯೂ ಇದೆ. ಮರ ಕಡಿದು ಆ ಪದರ ಕೊಚ್ಚಿಹೋದರೆ ಮತ್ತೆ ಇಂತಹ ಕಾಡು ಎದ್ದು ನಿಲ್ಲಲು ತಲೆಮಾರುಗಳೇ ಬೇಕು. ಸಿಂಗಳೀಕಗಳು ನೆಲಕ್ಕೆ ಇಳಿಯುವುದು ಕಡಿಮೆ. ಕೊಂಬೆಯಿಂದ ಕೊಂಬೆಗೆ ದಾರಿ ಕಡಿದರೆ ಅವುಗಳ ಬಾಳೇ ಕಡಿದಂತೆ.

ಕಾಳಿಂಗ ಸರ್ಪಕ್ಕೆ ಆಗುಂಬೆ ಹೆಸರಾದುದು. ಹಾವು ಸಂರಕ್ಷಣೆಯಲ್ಲಿ ಜೀವನ ಸವೆಸಿದ ರೋಮುಲಸ್ ವಿಟೇಕರ್ ಅವರು 2005ರಲ್ಲಿ ಇಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. ಎಲೆಗಳನ್ನು ಒಟ್ಟುಗೂಡಿಸಿ ಗೂಡು ಕಟ್ಟಿ, ಮೊಟ್ಟೆಯಿಟ್ಟು ಕಾವಲು ಕಾಯುವ ಹಾವು ಇದು. 2024ರಲ್ಲಿ ಪಿ. ಗೌರಿಶಂಕರ್ ಮತ್ತು ಸಂಗಡಿಗರು ಪಶ್ಚಿಮಘಟ್ಟದ ಕಾಳಿಂಗ ಪ್ರತ್ಯೇಕ ಪ್ರಭೇದವೆಂದು ತೋರಿಸಿ, ಅದರ ವೈಜ್ಞಾನಿಕ ಹೆಸರಿನಲ್ಲಿ 'ಕಾಳಿಂಗ' ಎಂಬ ನಮ್ಮ ನುಡಿಯನ್ನೇ ಉಳಿಸಿದರು. ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ. 2012ರಲ್ಲಿ ಯುನೆಸ್ಕೊ ಸಂಸ್ಥೆ ಪಶ್ಚಿಮಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅವುಗಳಲ್ಲಿ 10 ಕರ್ನಾಟಕದವಾಗಿದ್ದವು. ಕುದುರೆಮುಖ, ಆಗುಂಬೆಗಳೂ ಅವುಗಳಲ್ಲಿವೆ.

ಈ ಪರಂಪರೆ ಎಷ್ಟು ಸೂಕ್ಷ್ಮವೆಂಬುದಕ್ಕೆ 2019ರ ಆಗಸ್ಟ್ ತಿಂಗಳೇ ಸಾಕ್ಷಿ. ಆಗ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಜರಿದು ಮನೆಗಳೂ ತೋಟಗಳೂ ಮಣ್ಣಿನಡಿ ಸೇರಿದವು. ಚಾರ್ಮಾಡಿ ಘಟ್ಟದ ರಸ್ತೆ ಮುಚ್ಚಿತು.

ಕೂಡಲಿಯಲ್ಲಿ

ತೀರ್ಥಹಳ್ಳಿ, ಶಿವಮೊಗ್ಗಗಳನ್ನು ದಾಟಿ ಇಳಿಹೊತ್ತಿಗೆ ಕೂಡಲಿಗೆ ಬಂದೆವು. ಒಂದೇ ಮಲೆಯಲ್ಲಿ ಹುಟ್ಟಿ ಬೇರೆ ಬೇರೆ ದಾರಿ ಹಿಡಿದ ತುಂಗೆ ಭದ್ರೆಯರು ಇಲ್ಲಿ ಸದ್ದಿಲ್ಲದೆ ಒಂದಾಗುತ್ತಾರೆ. ಇಲ್ಲಿಂದ ಮುಂದೆ ತುಂಗಭದ್ರೆ ಸುಮಾರು 531 ಕಿಲೋಮೀಟರ್ ಹರಿದು ಕೃಷ್ಣೆಯನ್ನು ಕೂಡುತ್ತಾಳೆ. ನಾವು ಕೈಯಿಟ್ಟು ನೋಡಿದ ಆ ಹುಲ್ಲಿನ ಬುಡದ ತೇವವೂ ಈ ನೀರಿನಲ್ಲಿ ಸೇರಿದೆಯೆಂದು ಮಕ್ಕಳಿಗೆ ಹೇಳಿದೆನು. ಈ ಸಲ ಹೇಳುವಾಗ ಅಳುಕಿರಲಿಲ್ಲ.

ಆ ತಾಯಿ ಸಸಿಯ ಚೀಲವನ್ನು ಹಿಡಿದು ನನ್ನ ಪಕ್ಕಕ್ಕೆ ಬಂದು ಕುಳಿತರು. ನಾಲ್ಕು ದಿನವೂ ನೀರುಣಿಸಿ ಅದನ್ನು ಕಾಪಾಡಿದ್ದರು. ಒಂದು ಚಿಗುರೂ ಒಡೆದಿತ್ತು. ತಪ್ಪು ಸಲಹೆ ಕೊಟ್ಟು ಅವರ ಮನಸ್ಸನ್ನು ನೋಯಿಸಿದೆನೆಂದು ಕ್ಷಮೆ ಕೇಳಿದೆನು. ಅವರು, "ಇರಲಿ ಬಿಡ್ರಿ ಶಾಸ್ತ್ರಿಗಳೇ. ನಮ್ಮ ಯಜಮಾನರು ಹೊಲ ಬಿಟ್ಟು ಒಂದು ದಿನ ಇದ್ದೋರಲ್ಲ. ಅವರನ್ನ ಆ ಗಾಳಿಗುಡ್ಡದಾಗೆ ಒಬ್ಬರನ್ನೇ ಬಿಟ್ಟು ಬರ್ತಿದ್ದೆ ನಾನು. ನಾಲೆ ನೀರು ತಾಗೋ ನಮ್ಮ ಹೊಲದ ಬದುವಿನಾಗೇ ಇರಲಿ" ಎಂದರು.

ಮರುವಾರ ಬಿಲ್ವ ಅವರ ಹೊಲದ ಬದುವನ್ನು ಸೇರಿತು. ಉಳಿದ ಸಸಿಗಳು ನಮ್ಮೂರ ಶಾಲೆಯ ಅಂಗಳ, ಕೆರೆಯ ದಂಡೆ, ಬಸ್ ನಿಲ್ದಾಣದ ಬಿಸಿಲುಗಳಲ್ಲಿ ಬೇರು ಬಿಟ್ಟಿವೆ. ಬೇವು ಹೊಂಗೆಗಳು ಬೇಕಾದದ್ದು ಅಲ್ಲಿಯೇ.

ಈ ಪ್ರವಾಸ ಕೈಗೊಳ್ಳುವ ಕುಟುಂಬಗಳಿಗೆ ನಾಲ್ಕು ಮಾತು. ಮಳೆಯ ಭರ ಇಳಿದ ಅಕ್ಟೋಬರಿನಿಂದ ಜನವರಿಯವರೆಗಿನ ಕಾಲ ಹಿತವಾದುದು. ಬೇಸಗೆಯಲ್ಲಿ ಬೆಂಕಿಯ ಭಯದಿಂದ ಚಾರಣಗಳನ್ನು ನಿಲ್ಲಿಸುವುದುಂಟು. ಅನುಮತಿಯನ್ನು ಮುಂಚಿತವಾಗಿಯೇ ಪಡೆಯಿರಿ. ಸ್ಥಳೀಯ ಮಾರ್ಗದರ್ಶಿ ಇಲ್ಲದೆ ಕಾಡು ಹೊಗಬೇಡಿರಿ, ಆತನ ಮಾತನ್ನು ಮೀರಬೇಡಿರಿ. ಗದ್ದುಗೆಯ ದರ್ಶನಕ್ಕೆ ಹೋದವರು ಪ್ಲಾಸ್ಟಿಕ್ಕನ್ನು ಗಿರಿಯ ಮೇಲೆ ಬಿಟ್ಟು ಬಂದರೆ ಅದು ಸೇವೆಯಲ್ಲ. ಹುಲ್ಲಿನ ಮೇಲೆ ವಾಹನ ಹತ್ತಿಸದಿರಿ. ಬೆಟ್ಟಕ್ಕೆ ಏನನ್ನಾದರೂ ಕೊಡಬೇಕೆನಿಸಿದರೆ, ಅದಕ್ಕೆ ಏನು ಬೇಕೆಂದು ಅಲ್ಲಿಯವರನ್ನು ಮೊದಲು ಕೇಳಿರಿ. ಕೇಳದೆ ಮಾಡಿದ ಉಪಕಾರದ ಭಾರವನ್ನು ನಲವತ್ತು ವರ್ಷಗಳ ಮೇಲೆ ಹೊತ್ತು ನಡೆದವನ ಮಾತಿದು.